ಟ್ರೋಪೋನಿನ್ ‘ನೆಗೆಟಿವ್’ ಬಂದರೆ ಹೃದಯಾಘಾತ ಆಗಿಲ್ಲ ಎಂದರ್ಥವೇ? ರಿಪೋರ್ಟ್‌ಗಿಂತ ಮೊದಲು ಗಡಿಯಾರ ನೋಡಿ

2025ರ ಜೂನ್ ಕೊನೆಯ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರು ಎಂಬ ಸುದ್ದಿ ಹಬ್ಬಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಉದ್ದನೆಯ ಸಾಲು ನಿಂತಿತು. ಜಿಲ್ಲೆಯಲ್ಲಿ ಅಸಹಜ ಏರಿಕೆಯೇನೂ ಕಂಡಿಲ್ಲ ಎಂದು ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿ ಆಮೇಲೆ ವರದಿ ಕೊಟ್ಟಿತು. ಆದರೆ ಆತಂಕದ ಆ ದಿನಗಳಿಂದ ‘ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗಿಬಿಡುತ್ತದೆ’ ಎಂಬ ನಂಬಿಕೆ ಮಾತ್ರ ಗಟ್ಟಿಯಾಗುತ್ತಿದೆ. ಅದು ಅರ್ಧ ಮಾತ್ರ ನಿಜ.

ಹೃದಯದ ಸ್ನಾಯುವಿಗೆ ರಕ್ತ ಸಿಗದೆ ಜೀವಕೋಶಗಳು ಸಾಯತೊಡಗಿದಾಗ ಅವುಗಳೊಳಗಿನ ಕೆಲವು ವಸ್ತುಗಳು ರಕ್ತಕ್ಕೆ ಸೋರುತ್ತವೆ. ಪರೀಕ್ಷೆ ಹಿಡಿಯುವುದು ಈ ಸೋರಿಕೆಯನ್ನು. ಅಂದರೆ ಇದು ಹಾನಿ ಶುರುವಾದ ಮೇಲೆ ಸಿಗುವ ಸಾಕ್ಷಿ, ಮುಂದೆ ಆಗಲಿರುವುದರ ಭವಿಷ್ಯವಾಣಿಯಲ್ಲ. ಆರೋಗ್ಯವಾಗಿ ಓಡಾಡಿಕೊಂಡಿರುವವರು ಇದನ್ನು ಹೆಲ್ತ್ ಪ್ಯಾಕೇಜ್‌ನಲ್ಲಿ ಮಾಡಿಸಿ ‘ಹೃದಯ ಸರಿಯಿದೆ’ ಎಂದು ನಿರಾಳವಾಗುವುದರಲ್ಲಿ ಅರ್ಥವಿಲ್ಲ. ಅವರು ನೋಡಿಕೊಳ್ಳಬೇಕಾದದ್ದು ಬಿಪಿ, ಶುಗರ್, ಕೊಲೆಸ್ಟ್ರಾಲ್ ಮತ್ತು ಬೀಡಿ-ಸಿಗರೇಟು.

ಕಿಣ್ವದಿಂದ ಪ್ರೋಟೀನ್‌ಗೆ

ಇಂದು ಲಿವರ್ ಟೆಸ್ಟ್ ರಿಪೋರ್ಟ್‌ನಲ್ಲಿ ಕಾಣುವ ಎಸ್‌ಜಿಒಟಿ ಎಂಬ ಕಿಣ್ವವೇ ಹೃದಯಾಘಾತದ ಮೊದಲ ರಕ್ತಸೂಚಕ. 1954ರಲ್ಲಿ ಅಮೆರಿಕದ ವೈದ್ಯರು ಅದನ್ನು ಗುರುತಿಸಿದರು. ಆಮೇಲೆ ಎಲ್‌ಡಿಎಚ್, ಸಿಪಿಕೆ, ಸಿಕೆ-ಎಂಬಿ ಬಂದವು. ಇವುಗಳ ತೊಂದರೆ ಏನೆಂದರೆ ಯಾವುದೂ ಹೃದಯದ ಸ್ವಂತ ಸೊತ್ತಲ್ಲ. ತೊಡೆಯ ಸ್ನಾಯುವಿಗೆ ಪೆಟ್ಟಾದರೂ ಸಿಪಿಕೆ ಏರುತ್ತದೆ. 2000ದಿಂದೀಚೆಗೆ ಟ್ರೋಪೋನಿನ್‌ಗೆ ಪಟ್ಟ. ಜನ ಈಗಲೂ ‘ಹಾರ್ಟ್ ಎಂಜೈಮ್ ಟೆಸ್ಟ್’ ಎನ್ನುತ್ತಾರಾದರೂ ಟ್ರೋಪೋನಿನ್ ಕಿಣ್ವವಲ್ಲ, ಸ್ನಾಯುವಿನ ಪ್ರೋಟೀನ್. ಹೃದಯದಲ್ಲಿರುವ ಅದರ ರೂಪವೇ ಬೇರೆಯಾದ್ದರಿಂದ ಗುರಿ ತಪ್ಪುವುದು ಕಡಿಮೆ.

ಒಂದು ಪರೀಕ್ಷೆ ಸಾಲದು

ಅಪಾಯ ಇರುವುದು ಸಮಯದಲ್ಲಿ. ರಾತ್ರಿ 9ಕ್ಕೆ ಎದೆ ಹಿಡಿದುಕೊಂಡಿತು, ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದಾಯಿತು, ಹತ್ತೂವರೆಗೆ ನರ್ಸಿಂಗ್ ಹೋಮ್‌ನಲ್ಲಿ ರಕ್ತ ಕೊಟ್ಟರು ಎಂದಿಟ್ಟುಕೊಳ್ಳಿ. ಹಳೆಯ ಮಾದರಿಯ ಟ್ರೋಪೋನಿನ್ ಪರೀಕ್ಷೆಯಲ್ಲಿ ಏರಿಕೆ ಕಾಣಲು ಸಾಮಾನ್ಯವಾಗಿ 3ರಿಂದ 6 ಗಂಟೆ ಬೇಕು. ರಿಪೋರ್ಟ್ ನೆಗೆಟಿವ್ ಬರುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ, ಹೃದಯದ ರಕ್ತನಾಳ ಮುಚ್ಚಿಕೊಂಡೇ ಇರುತ್ತದೆ. ಹೀಗಾಗಿಯೇ ಕೆಲವು ಗಂಟೆ ಬಿಟ್ಟು ಎರಡನೇ ಸಲ ರಕ್ತ ತೆಗೆಯಲೇಬೇಕು. ಹೈ-ಸೆನ್ಸಿಟಿವಿಟಿ ಟ್ರೋಪೋನಿನ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗಳಲ್ಲಿ ಈ ಅಂತರ 1ರಿಂದ 3 ಗಂಟೆಗೆ ಇಳಿದಿದೆ.

ತಡವಾಗಿ ಬಂದವರ ವಿಷಯದಲ್ಲಿ ಇದು ತಿರುಗುಮುರುಗು. ಸಿಕೆ-ಎಂಬಿ ಎರಡು-ಮೂರು ದಿನದಲ್ಲಿ ಮಾಮೂಲಿಗೆ ಬಂದರೆ ಟ್ರೋಪೋನಿನ್ ವಾರದಾಚೆಗೂ ಉಳಿಯುತ್ತದೆ. ಮೊನ್ನೆ ಬಂದು ಹೋದ ನೋವನ್ನು ಇವತ್ತು ಪತ್ತೆ ಮಾಡಬಹುದು.

ಇಸಿಜಿ ಮೊದಲು

ಎದೆನೋವಿನವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ಜಗತ್ತಿನಾದ್ಯಂತ ಒಪ್ಪಿತ ನಿಯಮ. ಅದರಲ್ಲಿ ದೊಡ್ಡ ಹೃದಯಾಘಾತದ ಸ್ಪಷ್ಟ ಗುರುತು ಕಂಡರೆ ರಕ್ತದ ರಿಪೋರ್ಟ್‌ಗಾಗಿ ಕಾಯುವಂತಿಲ್ಲ. ಕರ್ನಾಟಕದಲ್ಲಿ 2024ರ ಮಾರ್ಚ್‌ನಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಿಂತಿರುವುದೂ ಇದರ ಮೇಲೆಯೇ. ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ಓದಿ, ಅಗತ್ಯ ಬಿದ್ದರೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಅಲ್ಲೇ ಉಚಿತವಾಗಿ ಕೊಡಿಸುತ್ತಾರೆ. ಒಳ್ಳೆಯ ಯೋಜನೆ, ಅನುಮಾನವಿಲ್ಲ.

ಆದರೆ ಎಲ್ಲ ಹೃದಯಾಘಾತವೂ ಇಸಿಜಿಯಲ್ಲಿ ಮೂಡುವುದಿಲ್ಲ. ಎನ್‌ಸ್ಟೆಮಿ ಎಂಬ ಇನ್ನೊಂದು ಬಗೆಯಲ್ಲಿ ಇಸಿಜಿ ಪೂರ್ತಿ ಮಾಮೂಲಾಗಿಯೂ ಇರಬಹುದು. ಅದಕ್ಕೆ ಈ ಇಂಜೆಕ್ಷನ್ ಕೊಡುವಂತೆಯೂ ಇಲ್ಲ. ಅಲ್ಲಿ ಟ್ರೋಪೋನಿನ್ ಒಂದೇ ದಾರಿದೀಪ. ಹಾಗಾದರೆ ರಾತ್ರಿ 2 ಗಂಟೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಪರೀಕ್ಷೆ ಮಾಡಿ, ರೋಗಿಯನ್ನು ಉಳಿಸಿಕೊಂಡು, ಬೆಳಗಿನೊಳಗೆ ಇನ್ನೊಮ್ಮೆ ಮಾಡುವವರು ಇದ್ದಾರೆಯೇ? ಹಾಸನದ ಚರ್ಚೆಯಲ್ಲಿ ಲಸಿಕೆಯ ಬಗ್ಗೆ ಎದ್ದಷ್ಟು ಗದ್ದಲ ಈ ಪ್ರಶ್ನೆಗೆ ಏಳಲಿಲ್ಲ.

ಪಾಸಿಟಿವ್ ಬಂದದ್ದೆಲ್ಲ ಹೃದಯಾಘಾತವೂ ಅಲ್ಲ. ದೀರ್ಘಕಾಲದ ಕಿಡ್ನಿ ಕಾಯಿಲೆ, ತೀವ್ರ ಸೋಂಕು, ಮಯೋಕಾರ್ಡೈಟಿಸ್, ಅಷ್ಟೇಕೆ ಮ್ಯಾರಥಾನ್ ಓಟದಲ್ಲೂ ಟ್ರೋಪೋನಿನ್ ಏರುತ್ತದೆ. 2018ರ ಜಾಗತಿಕ ವ್ಯಾಖ್ಯಾನ ಏರಿಳಿತದ ಜೊತೆಗೆ ರೋಗಲಕ್ಷಣ, ಇಸಿಜಿ ಅಥವಾ ಸ್ಕ್ಯಾನ್‌ನ ಆಧಾರವನ್ನೂ ಕೇಳುವುದು ಇದಕ್ಕಾಗಿ.

ಮುಂಬೈ, ಪುಣೆಯಲ್ಲಿ ಕುಳಿತವರಿಗೆ ಊರಿನಿಂದ ಅಪ್ಪನ ರಿಪೋರ್ಟ್ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ ಕಣ್ಣು ಹೋಗುವುದು ‘ನೆಗೆಟಿವ್’ ಪದಕ್ಕೆ. ರಕ್ತ ತೆಗೆದ ಸಮಯವನ್ನು ಬಹುತೇಕ ಲ್ಯಾಬ್‌ಗಳು ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತವೆ. ನೋವು ಶುರುವಾದದ್ದು ಎಷ್ಟು ಹೊತ್ತಿಗೆ ಎಂದು ಫೋನ್ ಮಾಡಿ ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂರು ಗಂಟೆಯೂ ಆಗಿಲ್ಲದಿದ್ದರೆ ಅಪ್ಪ ಇನ್ನೂ ಆಸ್ಪತ್ರೆಯಲ್ಲೇ ಇರಬೇಕು.