ಕಪ್ಪದ ಅಕ್ಕಿಯಿಂದ ಹೊನ್ನಾವರದ ಕೋಟೆಯವರೆಗೆ

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಕುರಿತ ಬರೆಹಗಳು ಸಾಮಾನ್ಯವಾಗಿ 1569-70ರ ಹೊನ್ನಾವರದ ಕಾಳಗದಿಂದ ತೊಡಗುತ್ತವೆ. ನನ್ನ ವಿದ್ಯಾರ್ಥಿಗಳ ಸಂಪ್ರಬಂಧಗಳೂ ಇದಕ್ಕೆ ಹೊರತಲ್ಲ. ‘ಮೆಣಸಿನ ರಾಣಿ’ ಎಂಬ ಹೆಸರಿನ ಮೋಹ ಅಂಥದ್ದು. ಆದರೆ ಆ ಯುದ್ಧದ ಬೇರು ಅದಕ್ಕೂ 67 ವರ್ಷ ಹಿಂದೆ, ಭಟ್ಕಳದ ಬಂದರಿನಲ್ಲಿ ಇಳಿದಿತ್ತೆಂಬುದು ನನ್ನ ಅಭಿಪ್ರಾಯ.

1502ರಲ್ಲಿ ತನ್ನ ಎರಡನೆಯ ಯಾನದಲ್ಲಿ ವಾಸ್ಕೋ ಡ ಗಾಮ ಭಟ್ಕಳಕ್ಕೆ ಬಂದು, ಫಿರಂಗಿಗಳ ಬಲದಿಂದ ಅಲ್ಲಿನ ಅರಸನನ್ನು ಮಣಿಸಿ, ವರ್ಷವರ್ಷವೂ ಅಕ್ಕಿಯನ್ನು ಕಪ್ಪವಾಗಿ ಕೊಡುವಂತೆ ಕಟ್ಟುಮಾಡಿದನು. ಇದನ್ನು ‘ಒಪ್ಪಂದ’ವೆಂದು ಬರೆಯುವ ಇತಿಹಾಸಕಾರರಿದ್ದಾರೆ, ತೋಪಿನ ಬಾಯಿಯ ಮುಂದೆ ಆಡಿದ ‘ಹೂಂ’ ಎಂಬುದು ಒಪ್ಪಿಗೆಯಾಗುವುದಾದರೆ ಆ ಪದ ಸರಿಯೇ. ಅಕ್ಕಿಯ ಬೆನ್ನಿಗೆ ಬಂದುದು ‘ಕರ್ತಾಜ್’, ಅಂದರೆ ಕಡಲ ರಹದಾರಿ. ಪೋರ್ಚುಗೀಸರ ಆ ಚೀಟಿಯಿಲ್ಲದೆ ಹೊರಟ ಹಡಗು ಅವರ ಕಣ್ಣಿಗೆ ಕಳ್ಳಹಡಗು. ಭಟ್ಕಳ ವಿಜಯನಗರಕ್ಕೆ ಕುದುರೆಗಳು ಇಳಿಯುತ್ತಿದ್ದ ರೇವು. ಘಟ್ಟದ ಮೆಣಸು ಶರಾವತಿ, ಅಘನಾಶಿನಿಗಳ ಮೂಲಕ ಹೊನ್ನಾವರಕ್ಕೂ ಕುಮಟೆಯ ಬಳಿಯ ಮಿರ್ಜಾನಿಗೂ ಇಳಿಯುತ್ತಿತ್ತು. ಕುದುರೆ ಗೋವೆಗೇ ಹೋಗಬೇಕು, ಮೆಣಸು ತಮಗೇ ಸಲ್ಲಬೇಕೆಂಬ ಹಟ ಪೋರ್ಚುಗೀಸರದು. ನೆಲವನ್ನು ಗೆಲ್ಲದೆಯೂ ನೆಲದ ಬದುಕನ್ನು ಹಿಡಿಯಬಹುದೆಂದು ಅವರು ಬಲ್ಲರು.

1542ರಲ್ಲಿ ಕಪ್ಪ ಬಾಕಿಯಿದೆಯೆಂದು, ರಹದಾರಿಯಿಲ್ಲದ ಹಡಗುಗಳಿಗೆ ಆಶ್ರಯವಿತ್ತರೆಂದು ಆರೋಪಿಸಿ ಗವರ್ನರ್ ಮಾರ್ಟಿಂ ಅಫೋನ್ಸೊ ಡಿ ಸೋಜ ಭಟ್ಕಳವನ್ನು ಸೂರೆಮಾಡಿ ಸುಟ್ಟನು. ಸುತ್ತಣ ತೆಂಗಿನ ತೋಟಗಳನ್ನೂ ಕಡಿಸಿದನು. ಊರು ಮತ್ತೆ ಕಟ್ಟಬಹುದು. ತೆಂಗು ಫಲಕ್ಕೆ ಬರಲು ವರ್ಷಗಳೇ ಬೇಕು. (ಆಗ ಆಳುತ್ತಿದ್ದವಳೂ ರಾಣಿಯೇ, ಆದರೆ ಚೆನ್ನಭೈರಾದೇವಿಯಲ್ಲ. ಇವಳ ಆಳ್ವಿಕೆ 1552ರಿಂದೀಚಿನದು. ಸಂಶೋಧಕರೂ ಇಲ್ಲಿ ಎಡವುವುದುಂಟು.)

1565ರ ತಾಳಿಕೋಟೆಯ ಯುದ್ಧದ ಬಳಿಕ ಕರಾವಳಿಯ ಸಾಮಂತರಿಗೆ ಹಿಂದಿನ ಆಸರೆ ಉಳಿಯಲಿಲ್ಲ. 1569ರಲ್ಲಿ ವೈಸರಾಯ್ ಲೂಯಿಸ್ ಡಿ ಅತಾಯ್ಡೆ ಹೊನ್ನಾವರವನ್ನು ಹಿಡಿದು ಕೋಟೆಯನ್ನು ಬಲಪಡಿಸಿದನು. ಮರುವರ್ಷ ರಾಣಿಯ ಸೈನ್ಯ ಬಿಜಾಪುರದ ನೆರವಿನೊಡನೆ ಆ ಕೋಟೆಯನ್ನು ಮುತ್ತಿತು. ಅದೇ ಹೊತ್ತಿಗೆ ಆದಿಲಶಾಹ ಗೋವೆಯನ್ನೂ ನಿಜಾಮಶಾಹ ಚೌಲನ್ನೂ ಮುತ್ತಿದ್ದರು. ಕಲ್ಲಿಕೋಟೆಯ ಸಾಮೂದ್ರಿಯೂ ಕೂಟದಲ್ಲಿದ್ದನು. ಜೈನ ರಾಣಿ, ಮುಸ್ಲಿಂ ಸುಲ್ತಾನರು, ಮಲೆಯಾಳದ ಅರಸ: ಇವರನ್ನು ಒಂದುಗೂಡಿಸಿದ್ದು ಮತವಲ್ಲ, ಮುಚ್ಚಿದ ಕಡಲು. ಈ ಕಥೆಯನ್ನು ಧರ್ಮಯುದ್ಧವಾಗಿ ತಿರುಚುವ ಇತ್ತೀಚಿನ ಉತ್ಸಾಹಕ್ಕೆ ಆಧಾರವಿಲ್ಲ.

ವಿಯೆಟ್ನಾಮಿನಲ್ಲಿ ಫ್ರೆಂಚರು ಉಪ್ಪು, ಮದ್ಯ, ಅಫೀಮುಗಳ ಏಕಸ್ವಾಮ್ಯವನ್ನು ಹೇರಿದ್ದರು. ಅಲ್ಲಿ 1946ರಲ್ಲಿ ಹೊತ್ತಿದ ಯುದ್ಧವನ್ನು ಆ ವರ್ಷದ ಘಟನೆಗಳಿಂದಲೇ ಯಾರೂ ವಿವರಿಸುವುದಿಲ್ಲ. ನಮ್ಮ ಕರಾವಳಿಗೆ ಮಾತ್ರ ಆ ನ್ಯಾಯ ಸಂದಿಲ್ಲ.

ಹೊನ್ನಾವರದ ಮುತ್ತಿಗೆ ಫಲಿಸಲಿಲ್ಲ. ಮುಂದೆ ರಾಣಿಯನ್ನು ಸೆರೆಹಿಡಿದವನು ಪೋರ್ಚುಗೀಸನಲ್ಲ, ಕೆಳದಿಯ ವೆಂಕಟಪ್ಪನಾಯಕ. 1623ರಲ್ಲಿ ಗೇರುಸೊಪ್ಪೆಯನ್ನು ಹಾದುಹೋದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಾಲೆ ಕಂಡದ್ದು ಪಾಳುಬಿದ್ದ ನಗರವನ್ನು. ಹೊನ್ನಾವರದ ಕೋಟೆಯಲ್ಲಿ ಪೋರ್ಚುಗೀಸರು ಆಗಲೂ ಇದ್ದರು, ಮೆಣಸು ಕೊಳ್ಳುತ್ತಿದ್ದರು.