ವಿವರಣೆ ಬರೆಯುವುದು ದುಂದಲ್ಲ

ತಾಲ್ಲೂಕು ಮಟ್ಟದ ಜಾಲತಾಣಗಳಲ್ಲಿ ಚಿತ್ರಗಳಿಗೆ ವಿವರಣೆ ಬರೆಯುವುದು ದುಂದು, ಅದು ದೊಡ್ಡ ನಗರಗಳವರ ಚಿಂತೆ ಎಂಬ ವಾದ ಈಚೆಗೆ ಅಚ್ಚಾಗಿದೆ. ಇದನ್ನು ಖಂಡಿತ ಒಪ್ಪಲಾಗದು. ಹುಣಸೂರಿನಲ್ಲಿ ನಡೆಯುವ ಶಿಬಿರದ ಪ್ರಕಟಣೆಯನ್ನು ಸ್ಕ್ಯಾನ್ ಮಾಡಿ ಬರೀ ಚಿತ್ರವಾಗಿ ಏರಿಸಿದರೆ, ಕಣ್ಣು ಕಾಣದವರ ಮೊಬೈಲಿನ ಸ್ಕ್ರೀನ್ ರೀಡರ್ ಸಾಮಾನ್ಯವಾಗಿ ‘ಇಮೇಜ್’ ಎಂದೋ ಕಡತದ ಹೆಸರನ್ನೋ ಹೇಳಿ ಮುಂದೆ ಹೋಗುತ್ತದೆ. ದಿನಾಂಕ, ಸ್ಥಳ, ತರಬೇಕಾದ ದಾಖಲೆ ಯಾವುದೂ ಕಿವಿಗೆ ಬೀಳುವುದಿಲ್ಲ. ಪ್ರಕಟಣೆ ಟೈಪ್ ಮಾಡಿದವರ ಕಂಪ್ಯೂಟರಿನಲ್ಲೇ ಆ ಪಠ್ಯ ಇರುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಯೂನಿಕೋಡ್‌ಗೆ ಬದಲಿಸಿ ಚಿತ್ರದ ಕೆಳಗೆ ಅಂಟಿಸಿದರಾಯಿತು. ಇದರಲ್ಲಿ ದುಂದೆಲ್ಲಿದೆ? ‘ಬಳಸುವವರು ಎಷ್ಟು ಮಂದಿ’ ಎಂಬ ಪ್ರಶ್ನೆಯೂ ನಿಲ್ಲದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತಲೆ ಎಣಿಸಿ ಹಕ್ಕು ಕೊಟ್ಟಿಲ್ಲ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಸೇರಿಸಿದೆ.

ಯಾರ ಚಿತ್ರ ಹಾಕುತ್ತೇವೆ ಎಂಬುದೂ ಇದಕ್ಕೇ ಅಂಟಿದ ಮಾತು. ಈ ಜಾಲತಾಣಗಳಲ್ಲಿ ಎಚ್.ಡಿ. ಕೋಟೆ ಎಂದರೆ ಕಬಿನಿ ಹಿನ್ನೀರು, ಹುಲಿ, ಆನೆ. ಪಿರಿಯಾಪಟ್ಟಣ ಎಂದರೆ ಬೈಲಕುಪ್ಪೆಯ ಚಿನ್ನದ ಬಣ್ಣದ ಬುದ್ಧ. ಕೆ.ಆರ್. ನಗರದ ಗದ್ದೆಯಲ್ಲಿ ನಾಟಿ ಹಾಕುವವರು, ಶಾಲೆಗೆ ಹೊರಟ ಜೇನುಕುರುಬರ ಮಕ್ಕಳು ಎಲ್ಲಿ? ಆದಿವಾಸಿಗಳ ಫೋಟೊ ಪ್ರದರ್ಶನದ ಸರಕಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದಕ್ಕೆ ಪರಿಹಾರ ಅವರನ್ನು ಅಳಿಸುವುದಲ್ಲ. ಒಪ್ಪಿಗೆ ಕೇಳಿ, ಕುಣಿತದ ವೇಷದಲ್ಲಷ್ಟೇ ಅಲ್ಲದೆ ದಿನನಿತ್ಯದ ಬದುಕಿನಲ್ಲೂ ತೋರಿಸುವುದು. ವಿವರಣೆಯೂ ಹಾಗೆಯೇ: ‘ಮಹಿಳೆಯರು’ ಎಂದರೆ ಸಾಲದು. ‘ಬ್ಯಾರನ್ ಮುಂದೆ ಕಡ್ಡಿಗೆ ಹೊಗೆಸೊಪ್ಪು ಕಟ್ಟುತ್ತಿರುವ ಮೂವರು ಮಹಿಳೆಯರು’ ಎಂದು ಬರೆಯಲು ಒಂದು ನಿಮಿಷವೂ ಬೇಡ.