ಕ್ಯಾಮೆರಾ ಇರೋ ಚೀಲ ಅಂತ ಊರಿಗೆಲ್ಲ ಡಂಗುರ ಯಾಕೆ?

ಕ್ಯಾಮೆರಾ ಬ್ಯಾಗುಗಳ ಬಗ್ಗೆ ನನಗೆ ಮೊದಲಿನಿಂದಲೂ ಒಂದು ತಕರಾರಿದೆ. ಕಪ್ಪು ಬಣ್ಣ, ಉಬ್ಬಿದ ಹೊಟ್ಟೆ, ಅದರ ಮೇಲೆ ಅಂಗೈಯಗಲ ಕಂಪನಿಯ ಹೆಸರು. ಅದನ್ನು ಹೆಗಲಿಗೇರಿಸಿಕೊಂಡು ಮೆಜೆಸ್ಟಿಕ್ಕಿನಲ್ಲಿ ನಿಂತರೆ "ಇದರೊಳಗೆ ಬೆಲೆಬಾಳುವ ಮಾಲಿದೆ, ದಯವಿಟ್ಟು ಗಮನಿಸಿ" ಅಂತ ಮೈಕಿನಲ್ಲಿ ಕೂಗಿದ ಹಾಗೆ. ಅದೇ ಕ್ಯಾಮೆರಾ ಟಿಫಿನ್ ಚೀಲದೊಳಗಿದ್ದರೆ? ಹೆಚ್ಚೆಂದರೆ ಪಕ್ಕದ ಸೀಟಿನವರು "ಏನ್ ತಿಂಡಿ ಇವತ್ತು?" ಅಂದಾರು.

ಕಳ್ಳರ ವಿಷಯ ಹಾಗಿರಲಿ. ನನ್ನ ಸಂಕಟ ಬೇರೆ. ಆಸೆಪಟ್ಟು ಕೊಂಡ ಡಿಎಸ್ಎಲ್ಆರ್ ಎಷ್ಟು ಜನರ ಕಪಾಟಿನಲ್ಲಿ ಮಲಗಿಲ್ಲ ಹೇಳಿ? ಕೇಳಿದರೆ ಎಲ್ಲರೂ ಫೋನನ್ನು ದೂರುತ್ತಾರೆ. ಅರ್ಧ ತಪ್ಪು ಫೋನಿನದೇ ಇರಬಹುದು, ಇನ್ನರ್ಧ ಆ ಬ್ಯಾಗಿನದು. ಆಫೀಸಿಗೆ ಒಂದು ಚೀಲ, ಅದರ ಜೊತೆ ಕ್ಯಾಮೆರಾಕ್ಕೆ ಇನ್ನೊಂದು ಅಂದರೆ ಮೂರನೇ ದಿನಕ್ಕೆ ಎರಡನೆಯದು ಮನೆಯಲ್ಲೇ ಉಳಿಯುತ್ತದೆ. ದಿನಾ ಹೊರುವ ಚೀಲದೊಳಗೇ ಅದಕ್ಕೊಂದು ಮೆತ್ತನೆಯ ಗೂಡು ಮಾಡಿಕೊಟ್ಟರೆ ಮಾತ್ರ ಕ್ಯಾಮೆರಾ ಹೊರಗೆ ಬರುತ್ತದೆ ಅನ್ನೋದು ನನ್ನ ವಾದ. ಅಂಗಡಿಯವರು ಇದಕ್ಕೆ ಇನ್ಸರ್ಟ್ ಅಂತಾರೆ, ನಾನು ಒಳಗೂಡು ಅಂತೀನಿ. ಮನೆಯಲ್ಲೇ ಮಾಡಬಹುದು, ಒಂದು ಭಾನುವಾರ ಸಾಕು.

ಇದು ಬರೀ ಜಿಪುಣರ ಉಪಾಯ ಅಂದುಕೊಳ್ಳಬೇಡಿ (ಜಿಪುಣತನವೂ ಇದೆ, ಇಲ್ಲ ಅನ್ನಲ್ಲ :)). ಅಮೆರಿಕದ ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯಲ್ಲಿ ಫೋಟೋಗ್ರಾಫರ್ ಆಗಿದ್ದ ಜಿಮ್ ಡಾಮ್ಕೆ 1970ರ ದಶಕದಲ್ಲಿ ತನ್ನ ಕೆಲಸಕ್ಕೆ ಅಂತ ಒಂದು ಮೆದು ಕ್ಯಾನ್ವಾಸ್ ಚೀಲ ಮಾಡಿಸಿಕೊಂಡ. ಒಳಗೆ ಲೆನ್ಸುಗಳಿಗೆ ಗೂಡುಗಳು, ಅಷ್ಟೇ. ಅದು ಸುದ್ದಿಮನೆಗಳಲ್ಲಿ ಎಷ್ಟು ಜನಪ್ರಿಯವಾಯಿತೆಂದರೆ ಅವನ ಹೆಸರೇ ಒಂದು ಬ್ರ್ಯಾಂಡ್ ಆಯಿತು. ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್ ಕಂಪನಿಯದು ಇನ್ನೂ ಮಜಾ. 1973ರಲ್ಲಿ ಶುರುವಾದಾಗ ಅವರು ಹೊಲಿಯುತ್ತಿದ್ದುದು ಮೀನು ಹಿಡಿಯುವವರ ಚೀಲ. ನ್ಯೂಯಾರ್ಕಿನ ಫೋಟೋಗ್ರಾಫರುಗಳು ಅದನ್ನೇ ಕೊಂಡು ಕ್ಯಾಮೆರಾ ತುಂಬಿಕೊಳ್ಳುತ್ತಿದ್ದಾರೆ ಅಂತ ಆಮೇಲೆ ಗೊತ್ತಾಗಿ ಕ್ಯಾಮೆರಾ ಚೀಲಕ್ಕೆ ಇಳಿದರು. ಅಲ್ಲಿ ಮೀನಿನ ಚೀಲ ಆಗುವುದಾದರೆ ಇಲ್ಲಿ ಟಿಫಿನ್ ಚೀಲಕ್ಕೆ ಏನಾಗಿದೆ?

ಈಗ ಗೂಡಿನ ವಿಷಯ. ಎಲ್ಲರೂ ಮೊದಲು ಕೈ ಹಾಕುವುದು ದಿಂಬು, ಸೋಫಾದ ಸ್ಪಂಜಿಗೆ. ಅದು ಬೇಡ. ಹೆಬ್ಬೆರಳಿನಿಂದ ಒತ್ತಿ ನೋಡಿ, ಬೆರಳು ಆ ಕಡೆಯ ಮೇಜಿಗೆ ತಾಗಿದರೆ ನಿಮ್ಮ ಲೆನ್ಸೂ ತಾಗುತ್ತದೆ. ಮುಟ್ಟಲು ಮೆತ್ತಗಿರುವುದಕ್ಕೂ ಪೆಟ್ಟು ತಡೆಯುವುದಕ್ಕೂ ಸಂಬಂಧ ಕಡಿಮೆ. ಒಂದು ಮೀಟರ್ ಎತ್ತರದಿಂದ ಬಿದ್ದ ಚೀಲ ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 4.4 ಮೀಟರ್ ವೇಗದಲ್ಲಿರುತ್ತದೆ. ಆ ವೇಗವನ್ನು ಸ್ವಲ್ಪ ದೂರದಲ್ಲಿ, ನಿಧಾನವಾಗಿ ಇಳಿಸುವುದೇ ಫೋಮಿನ ಕೆಲಸ. ಪೂರ್ತಿ ಚಪ್ಪಟೆಯಾಗಿಬಿಟ್ಟರೆ ಇದ್ದೂ ಇಲ್ಲದ ಹಾಗೆ. ಇನ್ನೊಂದು ವಿಷಯ, ಸೋಫಾ ಸ್ಪಂಜು ಅಂದರೆ ಪಾಲಿಯುರೆಥೇನ್. ನಮ್ಮ ಸೆಖೆ, ತೇವಕ್ಕೆ ಅದು ಕೆಲವು ವರ್ಷಗಳಲ್ಲಿ ಅಂಟಂಟಾಗಿ ಪುಡಿಯಾಗುತ್ತದೆ. ಹಳೇ ಸೋಫಾ ಕೊಡವಿದಾಗ ಕಂದು ಪುಡಿ ಉದುರುತ್ತದಲ್ಲ, ಅದೇ. ಲೆನ್ಸ್ ಬದಲಿಸುವ ಜಾಗದಲ್ಲಿ ಆ ಪುಡಿ ಇದ್ದರೆ ಸೆನ್ಸರಿನ ಗತಿ?

ಬೇಕಾದ್ದು ಗಟ್ಟಿ ಫೋಮು: ಇವಿಎ, ಅಥವಾ ಟಿವಿ, ಫ್ರಿಜ್ ಬಂದಾಗ ಡಬ್ಬದಲ್ಲಿ ಸಿಗುವ ಬಿಳಿ ಪ್ಯಾಕಿಂಗ್ ಫೋಮು (ಥರ್ಮೋಕೋಲ್ ಅಲ್ಲ, ಅದು ಮುರಿದು ಕಾಳು ಉದುರಿಸುತ್ತದೆ). ಮೂಲೆಯಲ್ಲಿ ಸುರುಳಿ ಸುತ್ತಿ ಬಿದ್ದಿರುವ ಯೋಗ ಮ್ಯಾಟ್ ತೆಳುವಾಗಿದ್ದರೂ ಎರಡು ಪದರ ಮಾಡಿದರೆ ನಡೆಯುತ್ತದೆ. ಏನೂ ಇಲ್ಲದಿದ್ದರೆ ಬೆಂಗಳೂರಿನವರು ಜೆ.ಸಿ. ರೋಡಿನ ಸೀಟ್ ಕವರ್ ಅಂಗಡಿಗಳಲ್ಲಿ, ಬೇರೆ ಊರಿನವರು ಬೈಕ್ ಸೀಟು ಹೊಲಿಯುವವರ ಹತ್ತಿರ ತುಂಡು ಕೇಳಬಹುದು. ಪಕ್ಕಕ್ಕೆ 10 ಮಿಲಿಮೀಟರ್ ಸಾಕು, ತಳಕ್ಕೆ ಅದರ ಎರಡರಷ್ಟು. ಚೀಲವನ್ನು ನಾವು ನೆಲಕ್ಕೆ ಕುಕ್ಕುವುದು ತಳದಿಂದಲೇ ತಾನೇ.

ಅಳತೆಯಲ್ಲಿ ಒಂದೇ ಸೂಕ್ಷ್ಮ: ಚೀಲದ ಒಳಗಿನ ಅಳತೆ ತೆಗೆದುಕೊಳ್ಳಿ, ಅದರಲ್ಲಿ ಎರಡೂ ಕಡೆಯ ಫೋಮಿನ ದಪ್ಪ ಕಳೆಯಿರಿ, ಮೇಲೆ ಬಟ್ಟೆಗೆ ಅಂತ ಚೂರು ಬಿಡಿ. ತಳಕ್ಕೊಂದು ತುಂಡು, ಸುತ್ತ ಗೋಡೆಗೆ ಒಂದು ಉದ್ದ ಪಟ್ಟಿ, ನಡುವೆ ಒಂದೋ ಎರಡೋ ಅಡ್ಡಗೋಡೆ. ಅಂಟಿಸಲು ಬಿಳಿ ಫೆವಿಕಾಲ್ ಬೇಡ, ಅದು ಇಂಥ ಫೋಮಿಗೆ ಹಿಡಿಯುವುದಿಲ್ಲ. ಚಪ್ಪಲಿ ಹೊಲಿಯುವವರು ಬಳಸುವ ಹಳದಿ ಸೊಲ್ಯೂಷನ್ ತನ್ನಿ. ಎರಡೂ ಕಡೆ ಹಚ್ಚಿ, ಸ್ವಲ್ಪ ಆರಿದ ಮೇಲೆ ಒತ್ತಿ. ವಾಸನೆ ಪೂರ್ತಿ ಹೋಗುವ ತನಕ, ಅಂದರೆ ಎರಡು ಮೂರು ದಿನ, ಒಳಗೆ ಲೆನ್ಸ್ ಇಡಬೇಡಿ.

ಒಳಬಟ್ಟೆಗೆ ಹಳೇ ಫ್ಲಾನೆಲ್ ಅಂಗಿ ಚೆನ್ನ, ಗುಂಡಿ ಕಿತ್ತು. ಜರಿ ಇರುವ ರವಿಕೆ ಪೀಸು ಎಷ್ಟೇ ಚೆಂದವಿದ್ದರೂ ಬೇಡ. ಅಡ್ಡಗೋಡೆಗೆ ವೆಲ್ಕ್ರೋ ಹಾಕುವುದಾದರೆ ಒರಟು ಮುಖ ಲೆನ್ಸಿನ ಕಡೆ ತಿರುಗದಿರಲಿ. ಹೊಲಿಗೆ ಬಾರದವರು ಬೀದಿಯ ಟೈಲರ್ ಹತ್ತಿರ ಹೋಗಿ. "ಏನ್ ಸಾರ್ ಇದು, ನಾಯಿಮರಿಗೆ ಹಾಸಿಗೆನಾ?" ಅಂತ ಕೇಳಿಯೇ ಹೊಲಿದು ಕೊಡುತ್ತಾರೆ.

ಉತ್ತರ ಕರ್ನಾಟಕದ ಗೆಳೆಯರಿಗೆ ಇನ್ನೂ ಒಳ್ಳೆಯ ದಾರಿಯಿದೆ, ಕೌದಿ. ಹಳೇ ಸೀರೆಗಳ ಪದರ ಪದರ ಸೇರಿಸಿ ಒತ್ತೊತ್ತಾಗಿ ಹೊಲಿದ ಆ ಬಟ್ಟೆ ಲೆನ್ಸಿನಿಂದ ಲೆನ್ಸನ್ನು ಬೇರೆ ಮಾಡಲು ಬಹಳ ಸೊಗಸು, ಕೊಳೆಯಾದರೆ ಒಗೆಯಲೂಬಹುದು. ತಳಕ್ಕೆ ಮಾತ್ರ ಫೋಮು ಇರಲಿ. ವಿಜಯಪುರ, ರಾಯಚೂರಿನ ಒಣಹವೆಗೆ ಇದು ಸರಿ. ಸಾಗರ, ತೀರ್ಥಹಳ್ಳಿ ಕಡೆಯವರು ಮಳೆಗಾಲದಲ್ಲಿ ಮುಟ್ಟಬೇಡಿ. ಹತ್ತಿ ಬಟ್ಟೆ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ.

ತೇವದ ಮಾತು ಬಂದಿದ್ದರಿಂದ ಒಂದು ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಒಳಗೂಡು ಪ್ರಯಾಣಕ್ಕೆ, ವಾಸಕ್ಕಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡು, ಕರಾವಳಿಯಲ್ಲಿ ಫೋಮು, ಬಟ್ಟೆಯ ಕತ್ತಲೆ ಗೂಡಿನಲ್ಲಿ ಲೆನ್ಸ್ ಬಿಟ್ಟರೆ ಬೂಷ್ಟು ಹಿಡಿಯದೆ ಇರದು. ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವಲ್ಲ, ಅದು. ಬೂಷ್ಟು ಬಿಡುವ ಆಮ್ಲ ಲೆನ್ಸಿನ ಲೇಪನವನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಕಲೆ ಹೋಗುವುದಿಲ್ಲ. ಸಾವಿರಾರು ರೂಪಾಯಿಯ ಕಂಪನಿ ಬ್ಯಾಗಿನಲ್ಲಿಟ್ಟರೂ ಇದೇ ಕಥೆ, ಆದರೆ ಅದನ್ನು ಮಾರುವವರು ಯಾರೂ ಹೇಳಲ್ಲ. ಮನೆಗೆ ಬಂದ ಕೂಡಲೇ ಕ್ಯಾಮೆರಾ ತೆಗೆದು, ಒರೆಸಿ, ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಜೊತೆಗೆ ಒಂದು ಹಿಡಿ ಸಿಲಿಕಾ ಜೆಲ್. ನೀಲಿ ಹರಳು ತೇವ ಕುಡಿದು ಗುಲಾಬಿಯಾದರೆ ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿ, ಮತ್ತೆ ನೀಲಿಯಾಗುತ್ತದೆ. (ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ವಿಷ. ಅಡುಗೆಯ ಬಾಣಲೆ ಬೇಡ, ಮಕ್ಕಳ ಕೈಗೂ ಸಿಗದಿರಲಿ. ಕಿತ್ತಳೆಯಿಂದ ಹಸಿರಿಗೆ ತಿರುಗುವ ಜಾತಿಯೂ ಸಿಗುತ್ತದೆ.) ಖಾಲಿ ಗೂಡನ್ನು ಚೀಲದಿಂದ ಹೊರತೆಗೆದು ಫ್ಯಾನಿನ ಕೆಳಗೆ ಇಡಿ. ಚೀಲಕ್ಕೇ ಹೊಲಿದುಬಿಟ್ಟ ಗೂಡಿಗಿಂತ ಎತ್ತಿ ತೆಗೆಯುವ ಗೂಡು ಮೇಲು ಅನ್ನಲು ನನಗಿರುವ ದೊಡ್ಡ ಕಾರಣ ಇದೇ.

ನಾಗರಹೊಳೆಗೆ ಮೊಳದುದ್ದದ ಲೆನ್ಸ್ ಹೊತ್ತು ಹೋಗುವವರ ಜೊತೆ ನನ್ನ ಜಗಳವಿಲ್ಲ, ಅವರು ದೊಡ್ಡ ಬ್ಯಾಗೇ ಕೊಳ್ಳಲಿ. ನಾನು ಹೇಳುತ್ತಿರುವುದು ಒಂದು ಕ್ಯಾಮೆರಾ, ಒಂದೆರಡು ಲೆನ್ಸ್ ಇರುವವರಿಗೆ. ಅಂಥವರ ಚೀಲ ಹೊರಗಿನಿಂದ ಎಷ್ಟು ಸಪ್ಪೆಯಾಗಿದೆಯೋ ಅಷ್ಟು ಒಳ್ಳೆಯದು.

ಮರೆತಿದ್ದೆ, ಟಿಫಿನ್ ಚೀಲಕ್ಕೆ ಮಳೆ ತಡೆಯುವ ಶಕ್ತಿ ಇರಲ್ಲ. ಹೋಟೆಲ್ ರೂಮುಗಳಲ್ಲಿ ಸ್ನಾನಕ್ಕೆ ಅಂತ ಪ್ಲಾಸ್ಟಿಕ್ ಟೋಪಿ ಕೊಡುತ್ತಾರಲ್ಲ, ಅದನ್ನು ಬಿಟ್ಟು ಬರಬೇಡಿ. ಗೂಡಿನ ಬಾಯಿಗೆ ಸರಿಯಾಗಿ ಕೂರುತ್ತದೆ.